ಸೈಲೆನ್ಸರ್ ಸುಮ್ಮನಾದ ದಿನ

ಹೋದ ವರ್ಷ ದಸರಾ ನಂತರದ ಶೀಗೀ ಹುಣ್ಣಿಮೆ ಮುಗಿದ ವಾರ ನಾನು ಗದಗಿಗೆ ಹೋಗಿ ಎರಡೂ ಕಿವಿಗೆ ಮಷಿನ್ ಹಾಕಿಸಿಕೊಂಡು ಬಂದೆ. ಲಕ್ಷ್ಮೇಶ್ವರದಲ್ಲಿ ನಮ್ಮದು ಹಿಟ್ಟಿನ ಗಿರಣಿ. ಮೀಸೆ ಮೂಡುವ ಮುಂಚಿನಿಂದ ಅದರ ಬೆಲ್ಟಿನ ಪಕ್ಕದಲ್ಲೇ ನಿಂತು ದುಡಿದವನು ನಾನು. ಕಿವಿ ಯಾವಾಗ ಮಂದವಾಯಿತೋ ನನಗೇ ತಿಳಿಯಲಿಲ್ಲ. ಗಿರಣಿಗೆ ಬರುವವರು ಹೇಗೂ ಕೂಗಿಯೇ ಮಾತಾಡುತ್ತಾರೆ. ಜೋಳವೋ ಗೋಧಿಯೋ, ನುಣ್ಣಗೆ ಬೇಕೋ ತರಿ ಬೇಕೋ, ಎಲ್ಲ ಕೈಸನ್ನೆಯಲ್ಲೇ ಮುಗಿಯುತ್ತದೆ. ಮನೆಯಲ್ಲಿ ನನ್ನ ಹೆಂಡತಿ ನೀಲವ್ವ ಯಾವುದೇ ಮಾತನ್ನು ಎರಡು ಸಲ ಹೇಳುವುದನ್ನು, ಎರಡನೆಯ ಸಲ ಗಟ್ಟಿಯಾಗಿ ಹೇಳುವುದನ್ನು ರೂಢಿ ಮಾಡಿಕೊಂಡಿದ್ದಳು. ಹಾಗಾಗಿ ನನಗೆ ಏನೂ ಕೊರತೆ ಕಾಣಲಿಲ್ಲ.

ಕೊರತೆ ಕಂಡದ್ದು ನನ್ನ ಮಗಳು ಸವಿತಾಳಿಗೆ. ಅವಳನ್ನು ಮುಂಡರಗಿಗೆ ಕೊಟ್ಟಿದ್ದೇವೆ, ಅಲ್ಲೇ ಶಾಲೆಯಲ್ಲಿ ಕಲಿಸುತ್ತಾಳೆ. ದಸರಾ ರಜೆಗೆ ಬಂದವಳನ್ನು ನಮ್ಮ ಸಣ್ಣ ಕಾರಿನಲ್ಲಿ ಕೂರಿಸಿಕೊಂಡು ಶಿರಹಟ್ಟಿಗೆ ಹೊರಟಿದ್ದೆ. ಹಿಂದಿನಿಂದ ಬಸ್ಸೊಂದು ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತಂತೆ. ರಸ್ತೆಗೆ ಅಡ್ಡ ಬಂದ ಎಮ್ಮೆಯನ್ನು ತಪ್ಪಿಸಲು ನಾನು ಗಾಡಿಯನ್ನು ಬಲಕ್ಕೆ ಹೊರಳಿಸಿದೆ. ಬಸ್ಸು ನಮ್ಮ ಬಲಗಡೆಯ ಕನ್ನಡಿಯನ್ನು ಮುರಿದುಕೊಂಡು ದಾಟಿಹೋಯಿತು. ಸವಿತಾ ಹಿಂದಿನ ಸೀಟಿನಲ್ಲಿ ಕಿರುಚಿದ್ದೂ ನನಗೆ ಕೇಳಿಸಿರಲಿಲ್ಲ. ತಿರುಗಿ ನೋಡಿದಾಗ ಅವಳ ಮುಖ ಬಿಳಿಚಿಕೊಂಡಿತ್ತು.

ಅವತ್ತೇ ಮನೆಗೆ ಬಂದು ಹಟ ಹಿಡಿದಳು. "ಅಪ್ಪಾ, ಕಿವಿಗೆ ಮಷಿನ್ ಹಾಕ್ಕೋ. ಇಲ್ಲಂದ್ರ ಗಾಡಿ ಕೀಲಿ ನನ್ನ ಕೈಯಾಗ ಕೊಡು. ಎರಡರಾಗ ಒಂದು."

ಕೀಲಿ ಕೊಡುವುದು ಸಣ್ಣ ಮಾತಾಗಿರಲಿಲ್ಲ. ನೀಲವ್ವನ ಮೊಣಕಾಲು ಸವೆದಿವೆ. ಬಸ್ಸಿನ ಮೆಟ್ಟಿಲು ಏರಲಾರಳು. ಮಗಳ ಮನೆ, ಬೀಗರ ಮನೆ, ಮದುವೆ ಮುಂಜಿ, ಎಲ್ಲಿಗೇ ಹೋಗುವುದಿದ್ದರೂ ಆ ಕಾರೇ ಅವಳ ಕಾಲು. ಅದಕ್ಕಾಗಿಯೇ ಒಪ್ಪಿಕೊಂಡೆ.

ಗದಗಿನಲ್ಲಿ ಕಿವಿ ಪರೀಕ್ಷೆ ಮಾಡಿದ ಹೆಣ್ಣುಮಗಳು ಬಹಳ ತಾಳ್ಮೆಯವಳು. ಮಷಿನ್ ಕೂರಿಸಿ, "ಕಾಕಾರ, ಹೆಂಗನಸ್ತೈತ್ರಿ?" ಎಂದಳು. ಅವಳ ಬಳೆಯ ಸದ್ದು ಕೇಳಿಸಿತು. ಹೊರಗೆ ಯಾರೋ ಚಪ್ಪಲಿ ಎಳೆದುಕೊಂಡು ಹೋಗುವುದು ಕೇಳಿಸಿತು. ನನಗೆ ನಗು ಬಂತು. ನೀಲವ್ವ ನನ್ನ ಮುಖವನ್ನೇ ನೋಡುತ್ತ ಕುಳಿತಿದ್ದಳು.

ಖುಷಿಯಿಂದ ಗಾಡಿ ಹತ್ತಿ ಊರಿನ ದಾರಿ ಹಿಡಿದೆವು. ಗದಗಿನ ಗದ್ದಲ ದಾಟುವವರೆಗೆ ಎಲ್ಲ ಸದ್ದೂ ಹೊಸದು, ಯಾವುದು ಯಾವುದೆಂದು ತಿಳಿಯಲಿಲ್ಲ. ಬಯಲು ಸಿಕ್ಕ ಮೇಲೆ ಶುರುವಾಯಿತು ನೋಡಿ. ತಲೆಯೊಳಗೆ ಯಾರೋ ಖಾಲಿ ಎಣ್ಣೆ ಡಬ್ಬಿ ಬಡಿದ ಹಾಗೆ. ಡಗ್ ಡಗ್ ಡಗ್. ನಡುನಡುವೆ ಝರ್ ಎಂದು ಹಲ್ಲು ಜುಮ್ಮೆನಿಸುವಂಥ ನಡುಕ. ನಾನು ಮಷಿನ್ನಿನ ಗುಂಡಿ ಒತ್ತಿ ಬಂದ್ ಮಾಡಿದೆ. ಸದ್ದು ನಿಂತಿತು. ಚಾಲೂ ಮಾಡಿದೆ. ಮತ್ತೆ ಬಂತು. ಇನ್ನೇನು ಅನುಮಾನ? ಮಷಿನ್ನೇ ಕೆಟ್ಟಿದೆ ಎಂದುಕೊಂಡೆ.

ವಾರದೊಳಗೆ ಮತ್ತೆ ಗದಗಿಗೆ ಹೋದೆ. ಆ ಹೆಣ್ಣುಮಗಳು ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಕೂರಿಸಿ ಕೇಳಿದಳು. "ಈಗ ಬರ್ತೈತೇನ್ರಿ ಕಾಕಾರ?"

"ಈಗಿಲ್ಲವಾ. ಸ್ವಲ್ಪ ಹೊತ್ತು ಹಾಕ್ಕೊಂಡ ಮ್ಯಾಲೆ ಬರ್ತೈತಿ. ಮಷಿನ್ ಕಾಯ್ತೈತೋ ಏನೋ."

ಅವಳು ಎಲ್ಲ ತಪಾಸಣೆ ಮಾಡಿದಳು. ಎರಡೂ ಮಷಿನ್ ಸರಿಯಾಗಿದ್ದವು. "ಬಾಳ ವರ್ಷ ಕೇಳದ ಕಿವಿಗೆ ಮೊದಲ ಮೊದಲ ಎಲ್ಲಾ ಜೋರ ಅನಸ್ತೈತ್ರಿ. ತಡಕೋರಿ," ಎಂದು ಸದ್ದನ್ನು ಒಂದಿಷ್ಟು ಇಳಿಸಿ ಕಳಿಸಿದಳು. ಮರಳುವಾಗ ಅದೇ ಡಬ್ಬಿ, ಅದೇ ಬಡಿತ.

ಅಲ್ಲಿಂದ ನನಗೆ ನಿಜವಾಗಿ ಅಂಜಿಕೆ ಹತ್ತಿತು. ಮಷಿನ್ ಸರಿಯಿದ್ದರೆ ಕೆಟ್ಟದ್ದು ನನ್ನ ತಲೆಯೇ ಇರಬೇಕಲ್ಲ. ಇಷ್ಟು ವರ್ಷದ ಗಿರಣಿಯ ಸದ್ದು ತಲೆಯೊಳಗೆ ಕುಳಿತುಬಿಟ್ಟಿದೆ, ಈಗ ಕಿವಿ ತೆರೆದ ಕೂಡಲೇ ಹೊರಬರುತ್ತಿದೆ ಎಂದು ನನ್ನಷ್ಟಕ್ಕೇ ಲೆಕ್ಕ ಹಾಕಿದೆ. ನಮ್ಮ ದೊಡ್ಡಪ್ಪನಿಗೆ ಕೊನೆಗಾಲದಲ್ಲಿ ಇಲ್ಲದ ಡೊಳ್ಳು ಕೇಳಿಸುತ್ತಿತ್ತು. "ಯಾರೋ ಬಾರಸಾಕತ್ತಾರ, ಬಾಗಲಾ ಹಾಕ್ರಿ" ಎನ್ನುತ್ತಿದ್ದ. ಅದು ನೆನಪಾಗಿ ಊಟ ಸೇರದಾಯಿತು. ಗಿರಣಿಯಲ್ಲಿ ಒಬ್ಬನೇ ನಿಂತಾಗ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿಕೊಳ್ಳುತ್ತಿದ್ದೆ, ಒಳಗೆ ಏನಾದರೂ ಅದುರುತ್ತದೆಯೇ ಎಂದು.

ಗಾಡಿಯ ಮೇಲೆ ಅನುಮಾನ ಬರಲಿಲ್ಲವೇ ಎಂದು ನೀವು ಕೇಳಬಹುದು. ಬರಲಿಲ್ಲ. ಮಷಿನ್ ಹಾಕಿಕೊಳ್ಳುತ್ತಿದ್ದದ್ದೇ ಗಾಡಿ ಹತ್ತುವಾಗ, ಮನೆಯಲ್ಲೂ ಗಿರಣಿಯಲ್ಲೂ ತೆಗೆದಿಡುತ್ತಿದ್ದೆ. ನನ್ನ ಮಟ್ಟಿಗೆ ಅದು ಸದ್ದೇ ಇಲ್ಲದ ಗಾಡಿ. ನಾಲ್ಕು ಮಂದಿಯ ಮುಂದೆ ಹಾಗೆಂದು ಹೊಗಳಿಕೊಂಡವನು ನಾನು.

ದೀಪಾವಳಿಯ ಹೊತ್ತಿಗೆ ನಿರ್ಧಾರ ಮಾಡಿದೆ. ಮುಂಡರಗಿಗೆ ಹೋಗಿ ಕೀಲಿಯನ್ನು ಸವಿತಾಳ ಕೈಗೆ ಕೊಟ್ಟುಬಿಡುವುದು, ಆಮೇಲೆ ಹುಬ್ಬಳ್ಳಿಗೆ ಹೋಗಿ ತಲೆ ತೋರಿಸುವುದು. ನೀಲವ್ವನಿಗೆ ಹೇಳಿರಲಿಲ್ಲ. ಶೇಂಗಾ ಹೋಳಿಗೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅವಳು ಪಕ್ಕದಲ್ಲಿ ಕುಳಿತಿದ್ದಳು. ಶಿರಹಟ್ಟಿ ದಾಟಿ ಸ್ವಲ್ಪ ದೂರ ಹೋದ ಮೇಲೆ ತಲೆಯೊಳಗಿನ ಬಡಿತ ತಡೆಯಲಾಗಲಿಲ್ಲ. ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆ.

"ಯಾಕ್ರಿ, ಏನಾತು?" ಎಂದಳು ನೀಲವ್ವ.

"ನನ್ನ ತಲ್ಯಾಗ ಏನೋ ಆಗೈತಿ," ಎಂದೆ. "ಒಳಗ ಯಾರೋ ಡಬ್ಬಿ ಬಡದಂಗ ಆಗ್ತೈತಿ."

ಅವಳು ಹೋಳಿಗೆ ಡಬ್ಬಿಯನ್ನು ಕೆಳಗಿಟ್ಟಳು. "ಎಂಥಾ ಸಪ್ಪಳ? ಬಡದು ತೋರಸ್ರಿ."

ನಾನು ಸ್ಟೇರಿಂಗಿನ ಮೇಲೆ ಬೆರಳಿನಿಂದ ಬಡಿದು ತೋರಿಸಿದೆ. "ಡಗ್ ಡಗ್ ಡಗ್. ನಡುವ ಝರ್ ಅಂತೈತಿ. ಒಂದೀಟು ಜೋರ ಹೊಡದ್ರ ಹೋಗ್ತೈತಿ. ಸಾವಕಾಶ ಹೊಂಟ್ರ ಮತ್ತ ಬರ್ತೈತಿ."

ನೀಲವ್ವ ನನ್ನನ್ನೇ ನೋಡಿದಳು. "ರೀ, ಅದು ಗಾಡಿ ಸಪ್ಪಳ್ರಿ."

"ಯಾವ ಗಾಡಿದು?"

"ಇದ ಗಾಡಿದು! ನಾವು ಕುಂತಿದ್ದ ಗಾಡಿದು! ಹೊಸಾ ಸೈಲೆನ್ಸರ್ ಹಾಕಿಸಿದಾಗಿಂದ ಹಂಗ ಬಡಕೋತೈತಿ."

"ಮತ್ತ ನೀ ಒಂದಿನಾ ಹೇಳಿಲ್ಲಲ್ಲ?"

"ಹೇಳದ ಬಿಟ್ಟೀನೇನ್ರಿ? ಹೇಳೀ ಹೇಳೀ ಸಾಕಾಗಿ ಬಿಟ್ಟೀನಿ. ನೀವು ನಮ್ಮ ಗಾಡಿ ಬೆಣ್ಣಿ ಹಂಗ ಹೊಂಟೈತಿ ಅಂತಿದ್ರಿ. ನನಗೂ ಕೇಳಿ ಕೇಳಿ ರೂಢಿ ಆಗಿ, ಈಗ ಅದು ಐತಿ ಅನ್ನೂದ ಮರತಿದ್ದೆ."

ಮೂರ್ನಾಲ್ಕು ವರ್ಷದ ಹಿಂದೆ ಕಂಪನಿಯ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿತ್ತು. ಆಗ ಹೊರಗಡೆ ತಯಾರಾದದ್ದೊಂದನ್ನು ಹಾಕಿಸಿದ್ದೆ. ಹಾಕಿಸಿದ ದಿನದಿಂದ ಅದು ಬಡಿದುಕೊಳ್ಳುತ್ತಿತ್ತಂತೆ. ನಾನೊಬ್ಬನನ್ನು ಬಿಟ್ಟು ಎಲ್ಲರಿಗೂ ಕೇಳಿಸುತ್ತಿತ್ತಂತೆ.

ನಾನು ಗಾಡಿಯಿಂದ ಇಳಿದೆ. ಎಂಜಿನ್ ಚಾಲೂ ಇತ್ತು. ಹಿಂದೆ ಹೋಗಿ ಬಗ್ಗಿದೆ. ಡಗ್ ಡಗ್ ಡಗ್. ಸದ್ದು ನನ್ನ ತಲೆಯ ಹೊರಗಿತ್ತು. ಗಾಡಿಯ ಹೊಟ್ಟೆಯ ಕೆಳಗೆ, ಮಣ್ಣಿನ ಹತ್ತಿರ, ಸ್ಪಷ್ಟವಾಗಿ ಅಲ್ಲೇ ಇತ್ತು. ಎರಡು ಹೆಜ್ಜೆ ಹಿಂದೆ ಸರಿದರೆ ಸಣ್ಣದಾಗುತ್ತಿತ್ತು, ಹತ್ತಿರ ಬಂದರೆ ದೊಡ್ಡದಾಗುತ್ತಿತ್ತು. ಹಾಗೆ ಹಿಂದೆ ಮುಂದೆ ಹೋಗಿ ಬಂದು ನೋಡಿದೆ. ದೇವರಾಣೆ, ಅಷ್ಟು ಹಗುರಾದದ್ದು ನನಗೆ ಬೇರೆ ನೆನಪಿಲ್ಲ. ಬೇವಿನ ಬೊಡ್ಡೆಗೆ ಒರಗಿ ನಿಂತು ನಕ್ಕೆ. ಕಣ್ಣಲ್ಲಿ ನೀರು ಬಂತು. ನೀಲವ್ವ ಕಿಟಕಿಯಿಂದ ಹಣಿಕಿ ಹಾಕಿ, "ಈಗ ಖರೇನ ತಲಿ ಕೆಟ್ಟಂಗ ಕಾಣಸ್ತೈತಿ," ಎಂದಳು.

ಮುಂಡರಗಿಯಲ್ಲಿ ಸವಿತಾ ಈ ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಪ್ಪಾ, ನೀ ಬರೂದು ನಮ್ಮ ಓಣಿಗೆಲ್ಲಾ ಗೊತ್ತಾಗ್ತೈತಿ. ಗಾಡಿ ತಿರುವಿನ್ಯಾಗ ಇದ್ದಾಗ ನಾ ಚಾಕ್ಕ ಇಡ್ತೀನಿ." ಆಮೇಲೆ ಗಂಭೀರಳಾದಳು. "ಆದ್ರ ಇಷ್ಟ ಸಪ್ಪಳದಾಗ ಮಷಿನ್ ಇದ್ರೂ ಹಿಂದಿನ ಹಾರ್ನ್ ಕೇಳೂದಿಲ್ಲ. ಮೊದಲ ಅದನ್ನ ನಿಲ್ಲಸು. ನಿಲ್ಲದಿದ್ರ ಕೀಲಿ ನನಗ ಕೊಡೂದ."

ಮರುದಿನವೇ ಗದಗಿನ ಪಕ್ಕದ ಬೆಟಗೇರಿಯ ಗ್ಯಾರೇಜಿಗೆ ಹೋದೆವು. ದಾರಿಯುದ್ದಕ್ಕೂ ನೀಲವ್ವ ಹಿಂದೆ ತಿರುಗಿ, "ಲಾರಿ ಬಂತ್ರಿ, ಎಡಕ್ಕ ತಗೋರಿ" ಎನ್ನುತ್ತಿದ್ದಳು. ಗ್ಯಾರೇಜು ಮೌಲಾಸಾಬನದು. ನಮ್ಮ ಗಿರಣಿಯ ಮೋಟರ್ ಸುಟ್ಟಾಗ ಅವನ ಅಣ್ಣ ಅದರ ತಂತಿ ಹೊಸದಾಗಿ ಸುತ್ತಿಕೊಟ್ಟಿದ್ದ, ಹಾಗೆ ಪರಿಚಯ. ಬಹಳ ಮಾತುಗಾರ, ಕೆಲಸಕ್ಕಿಂತ ಮುಂಚೆ ಭರವಸೆ ಕೊಡುವವನು.

"ಇದೇನ್ ದೊಡ್ಡದ್ರಿ ಅಣ್ಣಾರ? ಪೈಪ್ ಕಾದೈತಿ, ಆರಲಿ. ಚಾ ಕುಡಿಯೂದ್ರಾಗ ಮಾಡಿಕೊಡ್ತೀನಿ," ಎಂದ.

ಪೈಪ್ ಆರಿದ ಮೇಲೆ ಗಾಡಿಯನ್ನು ನೆಲದಲ್ಲಿ ತೋಡಿದ ಗುಂಡಿಯ ಮೇಲೆ ನಿಲ್ಲಿಸಿ ಕೆಳಗಿಳಿದ. ಸೈಲೆನ್ಸರನ್ನು ಗಾಡಿಯ ತಳಕ್ಕೆ ತೂಗುಹಾಕುವ ರಬ್ಬರ್ ಬಳೆಗಳಿರುತ್ತವೆ. ಅವುಗಳಲ್ಲಿ ಒಂದು ಹರಿದಿತ್ತು. ಅವನು ಅಲ್ಲಿ ದಪ್ಪ ತಂತಿ ಸುತ್ತಿ ಬಿಗಿದ. ಎಲ್ಲ ನಟ್ಟುಗಳನ್ನೂ ತಿರುಪಿದ. ಚಾಲೂ ಮಾಡಿದರೆ ಒಂಚೂರೂ ಸದ್ದಿಲ್ಲ. "ನೋಡ್ರಿ!" ಎಂದು ಎದೆ ಉಬ್ಬಿಸಿದ. ನಾನೂ ಅವನ ಬೆನ್ನು ತಟ್ಟಿ ಹೊರಟೆ.

ಗದಗ ದಾಟಿ ಸ್ವಲ್ಪ ದೂರವಷ್ಟೇ. ಡಗ್ ಡಗ್ ಮತ್ತೆ ಬಂತು. ಅಷ್ಟೇ ಅಲ್ಲ, ಈಗ ಕಾಲಿನ ಕೆಳಗೆ, ಸೀಟಿನಲ್ಲಿ, ಹಿಡಿದ ಸ್ಟೇರಿಂಗಿನಲ್ಲಿ ಕೂಡ ಗುಂಯ್ ಎಂಬ ನಡುಕ. ಗಾಡಿ ಮೊದಲಿಗಿಂತ ಕೆಟ್ಟಿತ್ತು. ನೀಲವ್ವ ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡು, "ಇದಕಿಂತ ಮೊದಲಿಂದ ಚಲೋ ಇತ್ರಿ," ಎಂದಳು. ಕೀಲಿ ಮಗಳ ಕೈ ಸೇರುವುದು ನನ್ನ ಕಣ್ಣ ಮುಂದೆ ಬಂತು. ಗಾಡಿ ತಿರುಗಿಸಿದೆ.

ಮೌಲಾಸಾಬ ಮೊದಲು ನಂಬಲಿಲ್ಲ. ನಾನು ಎಂಜಿನ್ ಬಂದ್ ಮಾಡದೆ, "ಆರಾಕ ಬಿಡಬ್ಯಾಡ. ಹಿಂಗ ಬಿಸಿ ಇದ್ದಾಗ ಕೇಳು," ಎಂದೆ. ಆಗ ಅವನಿಗೂ ಕೇಳಿಸಿತು. ತಲೆ ಕೆರೆದುಕೊಂಡ. ಬೆಳಿಗ್ಗೆ ಪೈಪ್ ತಣ್ಣಗಾದ ಮೇಲೆ ನೋಡಿದ್ದರಿಂದ ಸದ್ದು ಸಿಕ್ಕಿರಲಿಲ್ಲ ಎಂದು ಇಬ್ಬರಿಗೂ ಹೊಳೆಯಿತು. ಗಿರಣಿಯಲ್ಲೂ ಇದು ಇದ್ದದ್ದೇ. ಕಬ್ಬಿಣ ಕಾದರೆ ಹಿಗ್ಗುತ್ತದೆ. ತಣ್ಣಗಿದ್ದಾಗ ಕೂದಲೆಳೆಯಷ್ಟು ಸಂದಿ ಇದ್ದರೆ, ಕಾದಾಗ ಅದು ಮುಚ್ಚಿ ಎರಡು ಕಬ್ಬಿಣ ಒಂದಕ್ಕೊಂದು ತಾಗುತ್ತವೆ.

"ಎಲ್ಲಿ ತಾಗ್ತೈತಿ ಅನ್ನೂದು ಹುಡುಕೋಣ್ರಿ," ಎಂದ ಮೌಲಾಸಾಬ. ಗಾಲಿಗಳಿಗೆ ಕಲ್ಲು ಕೊಟ್ಟ, ಹ್ಯಾಂಡ್‌ಬ್ರೇಕ್ ಎಳೆದ, ಗೇರ್ ತೆಗೆದ. "ಅಕ್ಕಾರ, ನೀವು ಒಳಗ ಕುಂತು ಎಕ್ಸಲೇಟರ್ ತುಳೀರಿ."

"ನಾನ? ನನಗ ಗಾಡಿ ಬರೂದಿಲ್ಲಪಾ!"

"ಗಾಡಿ ಎಲ್ಲೂ ಹೋಗೂದಿಲ್ರಿ. ಹೊಲಗಿ ಮಷಿನ್ ತುಳದಂಗ, ಹಗೂರಕ."

ನೀಲವ್ವ ಸೆರಗು ಸಿಗಿಸಿಕೊಂಡು ನನ್ನ ಜಾಗದಲ್ಲಿ ಕುಳಿತಳು. ಮೊದಲ ಸಲ ಗಾಡಿ ಗರ್ರೆಂದಾಗ ತಾನೇ ಬೆಚ್ಚಿ ಕಾಲು ತೆಗೆದಳು. ಆಮೇಲೆ ಹದ ಸಿಕ್ಕಿತು. ನಿಧಾನ ಏರಿಸಿ, ಡಗ್ ಡಗ್ ಶುರುವಾದಲ್ಲೇ ಹಿಡಿದು ನಿಲ್ಲಿಸುತ್ತಿದ್ದಳು. ನಾನು ಗಾಡಿಯ ಪಕ್ಕದಲ್ಲಿ ಗೋಣಿಚೀಲ ಹಾಸಿಕೊಂಡು ಕುಳಿತು ಕಿವಿಗೊಟ್ಟೆ. ಮೌಲಾಸಾಬ, "ಹಿಂದ, ಸೈಲೆನ್ಸರ್ ಡಬ್ಬಿ ಹತ್ರ ಐತ್ರಿ," ಎಂದ. ನನಗೆ ಹಾಗೆನಿಸಲಿಲ್ಲ. ಕುಳಿತಲ್ಲೇ ಮುಂದೆ ಮುಂದೆ ಸರಿದೆ. ಹಿಂದಿನ ಬಾಗಿಲು ದಾಟಿ, ಮುಂದಿನ ಸೀಟಿನ ನೇರಕ್ಕೆ ಬಂದಾಗ ಸದ್ದು ಕಿವಿಗೆ ಬಡಿಯಿತು.

"ಇಲ್ಲೇ ಐತಿ. ನಡುವ," ಎಂದೆ.

ಪೈಪ್ ಆರುವವರೆಗೆ ಕಾಯ್ದು, ಮೂವರೂ ಬ್ಯಾಟರಿ ಬೆಳಕಿನಲ್ಲಿ ನೋಡಿದೆವು. ಪೈಪ್ ದಾಟುವಲ್ಲಿ ಗಾಡಿಯ ತಳದ ಅಡ್ಡಪಟ್ಟಿ ಇದೆ. ಎಲ್ಲ ಕಡೆ ಕಪ್ಪು ಮಸಿ, ಕೆಂಪು ಧೂಳು. ಆ ಒಂದು ಜಾಗದಲ್ಲಿ ಮಾತ್ರ ಪೈಪೂ ಪಟ್ಟಿಯೂ ತಿಕ್ಕಿ ತೊಳೆದ ತಂಬಿಗೆಯ ಹಾಗೆ ಮಿರಿಮಿರಿ ಹೊಳೆಯುತ್ತಿದ್ದವು. ತಾಗಿ ತಾಗಿ ಸವೆದ ಗುರುತು. ಹೊರಗಿನ ಸೈಲೆನ್ಸರಿನ ಪೈಪು ಕಂಪನಿಯದರಷ್ಟು ಸರಿಯಾಗಿ ಬಾಗಿರಲಿಲ್ಲ. ಹಾಕಿದವರು ಅದನ್ನು ಎಳೆದು ಒತ್ತಾಯದಿಂದ ಕೂರಿಸಿ ನಟ್ಟು ಬಿಗಿದಿದ್ದರು. ಬೆಳಿಗ್ಗೆ ಸುತ್ತಿದ ತಂತಿ ಬೇರೆ ಅದನ್ನು ಇನ್ನಷ್ಟು ಮೇಲಕ್ಕೆ ಜಗ್ಗಿ, ಪೈಪಿನ ನಡುಕವನ್ನೆಲ್ಲ ಸೀದಾ ಗಾಡಿಯ ಮೈಗೆ ದಾಟಿಸುತ್ತಿತ್ತು.

"ತಂತಿ ಸುತ್ತಿದ್ದು ನನ್ನ ತಪ್ಪು ಬಿಡ್ರಿ," ಎಂದ ಮೌಲಾಸಾಬ. ಆಮೇಲೆ ನಕ್ಕು, "ಆದ್ರ ನಿಮ್ಮ ಕಿವಿಗೆ ಏನ್ ಹಾಕ್ಕೊಂಡೀರಿ ಅದನ್ನ ನನಗೂ ಒಂದು ಕೊಡಸ್ರಿ," ಎಂದ.

ಈ ಸಲ ಅವನು ಅವಸರ ಮಾಡಲಿಲ್ಲ. ತಂತಿ ಕತ್ತರಿಸಿದ. ಎಲ್ಲ ನಟ್ಟುಗಳನ್ನೂ ಸಡಿಲ ಮಾಡಿದ. ಹಳೆಯ ರಬ್ಬರ್ ಬಳೆಗಳೆಲ್ಲ ಬಿರುಕು ಬಿಟ್ಟಿದ್ದವು, ಹೊಸವು ಹಾಕಿದ. ಪೈಪನ್ನು ಯಾರೂ ಜಗ್ಗದೆ ತನ್ನಷ್ಟಕ್ಕೆ ತೂಗಲು ಬಿಟ್ಟ. ತೂಗುವ ಕೊಂಡಿಯೊಂದು ಓರೆಯಾಗಿತ್ತು, ಅದನ್ನು ಕೊಯ್ದು ಬೇರೆ ಕಡೆ ವೆಲ್ಡಿಂಗ್ ಮಾಡಿದ. ಅಡ್ಡಪಟ್ಟಿಗೂ ಪೈಪಿಗೂ ನಡುವೆ ನನ್ನ ಹೆಬ್ಬೆರಳು ಆಡುವಷ್ಟು ಸಂದಿ ಬಂತು. ಆಮೇಲೆ ಮುಂದಿನಿಂದ ಶುರುಮಾಡಿ ಹಿಂದಿನವರೆಗೆ ಒಂದೊಂದೇ ನಟ್ಟು ಬಿಗಿದ. ಝರ್ ಎನ್ನುತ್ತಿದ್ದದ್ದು ಪೈಪಿನ ಮೇಲಿನ ಶಾಖ ತಡೆಯುವ ತಗಡು. ಅದರ ಬೋಲ್ಟು ತುಕ್ಕು ತಿಂದು ಸಡಿಲಾಗಿತ್ತು. ಅಗಲ ವಾಷರ್ ಕೊಟ್ಟು ಅದನ್ನೂ ಭದ್ರ ಮಾಡಿದ.

"ಈಗ ಚಾಲೂ ಮಾಡಿ ನೋಡೂದಲ್ರಿ, ಕಾಸಿ ನೋಡೂದು," ಎಂದು ತಾನೇ ನಮ್ಮ ಜೊತೆ ಹತ್ತಿದ. ಬೆಟಗೇರಿಯಿಂದ ಹೊರಗೆ, ಬಯಲಿನ ರಸ್ತೆಯಲ್ಲಿ ಪೈಪ್ ಚೆನ್ನಾಗಿ ಕಾಯುವವರೆಗೆ ಓಡಿಸಿದೆ. ಮೂವರೂ ಕಿವಿಗೊಟ್ಟು ಕುಳಿತಿದ್ದೆವು. ಉಬ್ಬು ಹಾರಿಸಿದೆ. ಸಾವಕಾಶ ಹೋದೆ. ಜೋರು ಹೋದೆ. ಎಂಜಿನ್ನಿನ ಮಂದ್ರ ಸದ್ದೊಂದು ಬಿಟ್ಟು ಏನೂ ಇಲ್ಲ. ಹಿಂದೆ ಎಲ್ಲೋ ಟ್ರ್ಯಾಕ್ಟರಿನ ಹಾರ್ನ್ ಕೇಳಿಸಿತು. ಕನ್ನಡಿ ನೋಡಿದೆ. ಅದು ಇನ್ನೂ ಬಹಳ ದೂರದಲ್ಲಿತ್ತು. ನಾನು ಎಡಕ್ಕೆ ಸರಿದೆ. ಹೇಳಲೆಂದು ಹಿಂದೆ ತಿರುಗಿದ್ದ ನೀಲವ್ವ ಮುಂದೆ ತಿರುಗಿ ಕುಳಿತಳು. ಗ್ಯಾರೇಜಿಗೆ ಮರಳಿ ಇನ್ನೊಮ್ಮೆ ನಟ್ಟುಗಳನ್ನು ತಿರುಪಿಸಿಕೊಂಡು, ಮೌಲಾಸಾಬನಿಗೆ ಕೈಮುಗಿದು ಊರಿಗೆ ಹೊರಟೆವು.

ಸಂಜೆಯ ಬಿಸಿಲು ಹತ್ತಿಯ ಹೊಲಗಳ ಮೇಲೆ ಬಿದ್ದಿತ್ತು. ಯಳವತ್ತಿ ಹತ್ತಿರ ಬಂದಾಗ ಪಕ್ಕದಿಂದ ಸಣ್ಣ ದನಿ ಬಂತು.

"ಹತ್ತಿ ಈ ವರ್ಷ ಚಲೋ ಒಡದೈತಿ."

"ಹೌದು, ಚಲೋ ಐತಿ," ಎಂದೆ.

ನೀಲವ್ವ ಗಕ್ಕನೆ ನನ್ನ ಕಡೆ ತಿರುಗಿದಳು. "ಕೇಳಸ್ತೇನ್ರಿ?"

"ಕೇಳಸ್ತಲ್ಲ."

"ನಾ ನನ್ನಷ್ಟಕ್ಕ ಅಂದಿದ್ದೆ," ಎಂದಳು. ಆಮೇಲೆ ನಕ್ಕಳು. "ಇನ್ನ ಮ್ಯಾಲೆ ಗಾಡ್ಯಾಗ ನಾ ಹುಷಾರಿ ಇರಬೇಕು ಹಂಗಾರ."

"ಯಾಕ?"

"ಇಷ್ಟ ವರ್ಷ ನಾ ಗಾಡ್ಯಾಗ ಮಾತಾಡಕೋತ ಬಂದೀನ್ರಿ. ನಿಮಗ ಕೇಳೂದಿಲ್ಲ ಅಂತ ಗೊತ್ತಿತ್ತಲ್ಲ. ಮನಸಿಗೆ ಬಂದದ್ದೆಲ್ಲಾ ಅಂತಿದ್ದೆ. ನಿಮ್ಮನ್ನ ಬೈದೀನಿ, ನಿಮ್ಮ ಅವ್ವನ್ನ ಬೈದೀನಿ."

ನಾನೂ ನಕ್ಕೆ. "ಮತ್ತೇನಂದಿ? ಹೇಳು."

ಅವಳು ಕಿಟಕಿಯ ಹೊರಗೆ ನೋಡಿದಳು. ಹೇಳಲಿಕ್ಕಿಲ್ಲ ಎಂದುಕೊಂಡೆ. ಆಮೇಲೆ ಅದೇ ಸಣ್ಣ ದನಿಯಲ್ಲಿ ಹೇಳಿದಳು. "ಸವಿತಾನ ಮದವಿ ಮಾಡಿ, ಮುಂಡರಗ್ಯಾಗ ಬಿಟ್ಟು ಬರೂ ಮುಂದ ಒಂದೀಟು ಗಾಡಿ ನಿಲ್ಲಸ್ರಿ ಅಂದಿದ್ದೆ. ಮನಿಗೆ ಹೋಗಾಕ ಮನಸಿರಲಿಲ್ಲ. ಬರಿದಾದ ಮನಿ. ಹಾದ್ಯಾಗ ಎಲ್ಲ್ಯಾರ ಇಳದು ಅತ್ತು, ಆಮ್ಯಾಲೆ ಹೋಗೂಣು ಅನಿಸಿತ್ತು."

"ನಾ ನಿಲ್ಲಸಲಿಲ್ಲ."

"ನಿಮಗ ಕೇಳಿದ್ದಿಲ್ಲ. ಎರಡನೇ ಸಲ ಜೋರ ಹೇಳೂವಂಥ ಮಾತಲ್ಲ ಅದು. ಬಿಟ್ಟೆ."

ನನಗೆ ಅವತ್ತಿನ ದಾರಿ ನೆನಪಿತ್ತು. ಮದುವೆ ಚೆನ್ನಾಗಿ ಆಯಿತೆಂಬ ಸಮಾಧಾನದಲ್ಲಿ ನಾನು ಸಿಳ್ಳೆ ಹಾಕುತ್ತ ಗಾಡಿ ಓಡಿಸಿದ್ದೆ. ಅವಳೂ ನನ್ನ ಹಾಗೇ ಸಮಾಧಾನವಾಗಿ ಕುಳಿತಿದ್ದಾಳೆ ಎಂದುಕೊಂಡಿದ್ದೆ. ಯಳವತ್ತಿ ದಾಟಿದ ಮೇಲೆ ರಸ್ತೆಯ ಬದಿಗೆ ಗಾಡಿ ನಿಲ್ಲಿಸಿದೆ.

"ಯಾಕ ನಿಲ್ಲಸಿದ್ರಿ? ಮತ್ತ ಸಪ್ಪಳ ಬಂತೇನು?"

"ಇಲ್ಲ. ನೀ ನಿಲ್ಲಸು ಅಂದಿದ್ದಿಯಲ್ಲ."

"ಅಯ್ಯ, ಅವತ್ತಿನ ಮಾತಿಗೆ ಇವತ್ತ ನಿಲ್ಲಸ್ತೀರೇನು?" ಎಂದಳು. ನಗಲು ಹೋದಳು, ಕಣ್ಣು ತುಂಬಿಕೊಂಡವು. ನಾನು ಆ ಕಡೆ ಹೋಗಿ ಬಾಗಿಲು ತೆರೆದು ಕೈ ಹಿಡಿದು ಇಳಿಸಿದೆ. ಹೊಲದ ಬದುವಿನ ಮೇಲೆ ಕುಳಿತೆವು. ಅವಳು ಮಾತಾಡಿದಳು. ಸವಿತಾಳ ಬಗ್ಗೆ, ತನ್ನ ಮೊಣಕಾಲಿನ ಬಗ್ಗೆ, ಕಳೆದ ವರ್ಷಗಳಲ್ಲಿ ನನಗೆ ಗೊತ್ತೇ ಇಲ್ಲದಿದ್ದ ಎಷ್ಟೋ ಸಣ್ಣಪುಟ್ಟ ಸಂಗತಿಗಳ ಬಗ್ಗೆ. ಒಂದು ಮಾತನ್ನೂ ಎರಡನೆಯ ಸಲ ಹೇಳಲಿಲ್ಲ. ಬಿಸಿಲು ಪೂರ್ತಿ ಇಳಿದ ಮೇಲೆ, "ನಡೀರಿ, ದೀಪಾ ಹಚ್ಚೂ ಹೊತ್ತಾತು," ಎಂದು ಅವಳೇ ಎದ್ದಳು.

ಗಾಡಿಯ ಕೀಲಿ ನನ್ನ ಹತ್ತಿರವೇ ಉಳಿದಿದೆ. ನಮ್ಮ ಗಾಡಿ ಬರುವುದು ಈಗ ಮೊದಲೇ ತಿಳಿಯುವುದಿಲ್ಲ, ಚಹಾಕ್ಕೆ ನೀರಿಡಲು ಹೊತ್ತಾಗುತ್ತದೆ ಎಂದು ಸವಿತಾ ದೂರುತ್ತಾಳೆ. ನನ್ನ ತಲೆಗೆ ಏನೂ ಆಗಿರಲಿಲ್ಲ ಎಂಬ ನಿರಾಳ ಇವತ್ತಿಗೂ ಬೆಳಿಗ್ಗೆ ಏಳುವಾಗ ಒಮ್ಮೊಮ್ಮೆ ಹೊಸದಾಗಿ ಬರುತ್ತದೆ. ಆದರೆ ಯಳವತ್ತಿಯ ಆ ಸಂಜೆಯನ್ನು ನೆನೆದಾಗ ಅದರ ಜೊತೆಗೆ ಇನ್ನೊಂದು ಯೋಚನೆಯೂ ಬರುತ್ತದೆ. ಆ ಪೈಪು ಹಾಗೆಯೇ ಬಡಿದುಕೊಳ್ಳುತ್ತಿದ್ದರೆ, ಕಿವಿಗೆ ಮಷಿನ್ ಇದ್ದೂ ನಾನು ಅವಳ ಮಾತು ಕೇಳದೆಯೇ ಉಳಿದುಬಿಡುತ್ತಿದ್ದೆ. ಈಗ ಗಾಡಿಯಲ್ಲಿ ನೀಲವ್ವ ಕಿಟಕಿಯ ಕಡೆ ಮುಖ ಮಾಡಿ ಏನಾದರೂ ಶುರು ಮಾಡಿದಳೆಂದರೆ, ನನ್ನ ಕಾಲು ತಾನಾಗಿಯೇ ವೇಗ ಇಳಿಸುತ್ತದೆ.